ಕಪ್ಪು ಪ್ರಿಂಟಿನ ಮೇಲೆ ಸಹಿ: ಮೊದಲು ಕಾಗದ ನೋಡಿ, ಆಮೇಲೆ ಪೆನ್ನು

ರಾತ್ರಿ ದೀಪದಲ್ಲಿ ತೆಗೆದ ಬಳ್ಳಾರಿ ಗುಡ್ಡದ ಕೋಟೆ, ಮುಸ್ಸಂಜೆಯ ಅಂಜನಾದ್ರಿ, ಕಪ್ಪು ಹಿನ್ನೆಲೆಯ ನಾಟಕದ ಪೋಸ್ಟರ್. ಇಂಥದ್ದನ್ನು ಮುಂದೆ ಹಿಡಿದು ಯಾರಾದರೂ “ಇಲ್ಲೊಂದು ಸೈನ್ ಹಾಕ್ರಿ ಸರ್” ಅಂದಾಗ ಜೇಬಿನಲ್ಲಿರುವ ಪೆನ್ನು ಕೈಕೊಡುತ್ತದೆ. ಮಾಮೂಲಿ ಮಾರ್ಕರಿನ ಇಂಕು ಪಾರದರ್ಶಕ. ಬಿಳಿ ಹಾಳೆಯ ಬೆಳಕು ಅದರ ಮೂಲಕ ವಾಪಸ್ ಬಂದರೇ ಅದು ಕಣ್ಣಿಗೆ ಕಾಣುವುದು. ಅಡಿಯಲ್ಲಿ ಕಪ್ಪಿದ್ದರೆ ವಾಪಸ್ ಬರುವ ಬೆಳಕೇ ಇಲ್ಲ. ಕಪ್ಪನ್ನು ಮುಚ್ಚುವ ಪುಡಿ ಇರುವ ಪೆನ್ನೇ ಬೇಕು. ಬಿಳಿ ಪೆನ್ನಿನಲ್ಲಿ ಆ ಪುಡಿ ಟೈಟೇನಿಯಂ ಡೈಆಕ್ಸೈಡ್, ಬೆಳ್ಳಿ ಬಣ್ಣದ್ದರಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ. ಬಂಗಾರದ ಬಣ್ಣದಲ್ಲಿ ಎಷ್ಟೋ ಸಲ ಹಿತ್ತಾಳೆ ಪುಡಿ ಇರುತ್ತದೆ, ಅದು ವರ್ಷಗಳಲ್ಲಿ ಮಂಕಾಗಬಹುದು. ಬಹುಕಾಲ ಉಳಿಯಬೇಕಾದ ಸಹಿಗೆ ಬಿಳಿಯೇ ವಾಸಿ.

ಇನ್ನೊಂದು ಮಾತು. ಚಿತ್ರದ ಸುತ್ತ ಬಿಳಿ ಅಂಚು ಬಿಟ್ಟು ಪ್ರಿಂಟ್ ಮಾಡಿಸಿದ್ದರೆ, ಲ್ಯಾಮಿನೇಷನ್ ಇಲ್ಲದ ಮ್ಯಾಟ್ (ಹೊಳಪಿಲ್ಲದ) ಕಾಗದವಾಗಿದ್ದರೆ, ಈ ಪೆನ್ನುಗಳ ತಂಟೆಯೇ ಬೇಡ. ಎಚ್‌ಬಿ ಪೆನ್ಸಿಲ್ ಹಿಡಿದು ಎಡಗಡೆ 5/50 ಅಂತ ಪ್ರತಿ ಸಂಖ್ಯೆ (ಐವತ್ತರಲ್ಲಿ ಐದನೆಯ ಪ್ರತಿ), ಬಲಗಡೆ ಸಹಿ ಹಾಕಿ. ಪೆನ್ಸಿಲಿನ ಗ್ರಾಫೈಟ್ ಬಿಸಿಲಿಗೆ ಮಾಸುವುದಿಲ್ಲ. ಕೆಳಗಿನ ಪಾಡೆಲ್ಲ ಅಂಚಿಲ್ಲದೆ ಪೂರ್ತಿ ಕಪ್ಪು ತುಂಬಿದ ಪ್ರಿಂಟಿಗೆ.

ಕಾಗದ ಯಾವುದೆಂದು ತಿಳಿಯಲು ಪ್ರಿಂಟ್ ಹಾಕಿಕೊಟ್ಟ ಅಂಗಡಿಯಿಂದ ಅದೇ ಹಾಳೆಯ ಕಟಿಂಗ್ ತುಂಡು ಇಸಿದುಕೊಳ್ಳಿ. ಎರಡು ಬೆರಳಗಲದ ಪಟ್ಟಿ ಸಾಕು. ಅದರ ಮೇಲೆ ಒಂದು ಹನಿ ನೀರು ಬಿಟ್ಟು ಒಂದು ನಿಮಿಷ ನೋಡಿ. ಹನಿ ಮುತ್ತಿನಂತೆ ಉಂಡೆಯಾಗಿಯೇ ಕೂತರೆ ಮೇಲೆ ಲ್ಯಾಮಿನೇಷನ್ ಇದೆ. ಮೂಲೆಯಲ್ಲಿ ಉಗುರು ಆಡಿಸಿದರೆ ತೆಳು ಪ್ಲಾಸ್ಟಿಕ್ ಪದರ ಏಳುವುದೂ ಉಂಟು. ಹನಿ ಹೀರಿಕೊಂಡು ಕಲೆಯಾದರೆ ಮ್ಯಾಟ್ ಕಾಗದ. ಮೇಲ್ಮೈ ಅಂಟಂಟಾಗಿ ಬೆರಳಿಗೆ ಹತ್ತಿದರೆ ಅದು ಸ್ಟುಡಿಯೋದ ಫೋಟೋ ಪೇಪರ್, ಅಂದರೆ ಜೆಲಾಟಿನ್ ಪದರ.

ಲ್ಯಾಮಿನೇಷನ್ ಇರುವುದಕ್ಕೂ ಹೊಳಪಿನ ಫೋಟೋ ಪೇಪರಿಗೂ ಆಯಿಲ್ ಬೇಸ್ ಪೇಂಟ್ ಮಾರ್ಕರ್ ತೆಗೆದುಕೊಳ್ಳಿ. ಯೂನಿ ಪೇಂಟ್ ಪಿಎಕ್ಸ್-21 ಸುಮಾರು 1 ಮಿಲಿಮೀಟರ್ ಗೆರೆ ಬಿಡುತ್ತದೆ, ಪಿಎಕ್ಸ್-20 ಅದರ ಎರಡು ಪಟ್ಟಿಗಿಂತಲೂ ದಪ್ಪ. ಥಿನ್ನರ್ ವಾಸನೆ ಬರುತ್ತದೆ, ಕಿಟಕಿ ತೆಗೆದಿಡಿ. ನೀರಿನ ಬೇಸಿನ ಪೇಂಟ್ ಮಾರ್ಕರ್ ಪೋಸ್ಕಾ ಇಲ್ಲಿ ಚೆಂದ ಕಾಣುತ್ತದೆ, ಆದರೆ ಪ್ಲಾಸ್ಟಿಕ್ ಮೇಲೆ ಹಿಡಿತವಿಲ್ಲ. ಒಣಗಿದ ಮೇಲೂ ಉಗುರಿಗೆ ಸಿಪ್ಪೆ ಹಾಗೆ ಎದ್ದುಬರುತ್ತದೆ. ಮ್ಯಾಟ್ ಕಾಗದಕ್ಕೆ ಬಂದರೆ ಲೆಕ್ಕ ತಿರುಗುಮುರುಗು. ಆಯಿಲ್ ಬೇಸ್ ಹಾಕಿದರೆ ಅಕ್ಷರದ ಸುತ್ತ ಎಣ್ಣೆ ಜಿಡ್ಡಿನಂಥ ಪ್ರಭಾವಳಿ ಹರಡುತ್ತದೆ. ಅಲ್ಲಿ ಪೋಸ್ಕಾ ಪಿಸಿ-1ಎಂಆರ್ ಸರಿ, ಅದರ ಮೊನೆ 0.7 ಮಿಲಿಮೀಟರ್. ಕ್ಯಾನ್ವಾಸಿನ ನೇಯ್ಗೆಗೆ ಅಷ್ಟು ಸಣ್ಣ ಮೊನೆ ಸಿಕ್ಕಿಕೊಳ್ಳುತ್ತದೆ, ತುಸು ದಪ್ಪ ಮೊನೆಯ ಪಿಸಿ-3ಎಂ ಹಿಡಿಯಿರಿ. ಬಿಳಿ ಜೆಲ್ ಪೆನ್ನುಗಳು (ಜೆಲ್ಲಿ ರೋಲ್ 10, ಸಿಗ್ನೋ ಯುಎಂ-153) ಮ್ಯಾಟ್ ಕಪ್ಪು ಕಾಗದಕ್ಕೆ ಮಾತ್ರ. ಹೊಳಪು ಮೈಯಲ್ಲಿ ಜೆಲ್ ಒಣಗುವುದೇ ಇಲ್ಲ, ಮರುದಿನ ಬೆರಳಿಟ್ಟರೂ ಬಳಿದುಕೊಳ್ಳುತ್ತದೆ.

ಪೆನ್ನು ಸಿಗದಾಗ ಜನ ವೈಟ್‌ನರ್ ಹಿಡಿಯುತ್ತಾರೆ. ಬೇಡ. ದಪ್ಪ ಪದರ ಒಣಗಿ ಬಿರಿಯುತ್ತದೆ, ಪ್ರಿಂಟ್ ಸುರುಳಿ ಸುತ್ತಿದ ದಿನವೇ ಉದುರುತ್ತದೆ. ಬೈಕ್ ಅಂಗಡಿಯ ಟೈರ್ ಪೇಂಟ್ ಪೆನ್ನು ಆಯಿಲ್ ಬೇಸೇ ಆದರೂ ಮೊನೆ ಬಹಳ ದಪ್ಪ, ಕನ್ನಡ ಅಕ್ಷರಕ್ಕೆ ಆಗಿಬರುವುದಿಲ್ಲ.

ಮೊನೆಯ ವಿಷಯದಲ್ಲಿ ಇಂಗ್ಲಿಷ್ ಸಹಿಗೂ ಕನ್ನಡ ಸಹಿಗೂ ದೊಡ್ಡ ವ್ಯತ್ಯಾಸವಿದೆ. ‘ಕೃಷ್ಣ’ ಬರೆದು ನೋಡಿ. ಷ ಹೊಟ್ಟೆಯೊಳಗಿನ ಸೀಳು, ಅದರ ಕೆಳಗೆ ಣ ಒತ್ತು, ಪಕ್ಕದಲ್ಲಿ ಕ ಕೆಳಗಿನ ವಟ್ರಸುಳಿಯ ಕೊಂಡಿ, ಮೂರೂ ಇಕ್ಕಟ್ಟಿನ ಜಾಗ. ಅಕ್ಷರ ಒಂದೂವರೆ ಸೆಂಟಿಮೀಟರ್ ಎತ್ತರ ಇದ್ದು ಮೊನೆ 2 ಮಿಲಿಮೀಟರ್ ಆದರೆ ಪೇಂಟು ಆ ಸುಳಿಗಳನ್ನು ತುಂಬಿ, ಷ್ಣ ಒಂದು ಬಿಳಿ ಮುದ್ದೆಯಾಗುತ್ತದೆ. 12×18 ಇಂಚಿನ ಪ್ರಿಂಟಿಗೆ 0.7ರಿಂದ 1 ಮಿಲಿಮೀಟರ್ ಸಾಕು. ಒತ್ತಕ್ಷರ ಇರುವ ಹೆಸರನ್ನು ಮಾಮೂಲಿಗಿಂತ ತುಸು ದೊಡ್ಡದಾಗಿ, ಸಾಲಿನ ಕೆಳಗೆ ಜಾಗ ಬಿಟ್ಟು ಬರೆಯಬೇಕು. ಅಂಚಿನಿಂದ 2 ಸೆಂಟಿಮೀಟರ್ ಒಳಗೇ ಇರಲಿ, ಇಲ್ಲದಿದ್ದರೆ ಫ್ರೇಮಿನ ಮೌಂಟು (ಚಿತ್ರದ ಸುತ್ತ ಕೂರಿಸುವ ರಟ್ಟು) ಒತ್ತಕ್ಷರವನ್ನೇ ನುಂಗುತ್ತದೆ.

ಬರೆಯುವ ಮುಂಚೆ ಮುಚ್ಚಳ ಹಾಕಿಯೇ ಅರ್ಧ ನಿಮಿಷ ಕುಲುಕಿ. ಪುಡಿ ಭಾರದ್ದು, ತಳಕ್ಕೆ ಕೂತಿರುತ್ತದೆ. ಒಳಗಿನ ಗುಂಡು ಟಕಟಕ ಸದ್ದು ಮಾಡಬೇಕು. ಕುಲುಕದೆ ಬರೆದರೆ ಮೊದಲು ಬರುವುದು ಬೂದು ನೀರು. ಆಮೇಲೆ ಮೊನೆಯನ್ನು ಬೇರೆ ಹಾಳೆಯ ಮೇಲೆ ನೆಟ್ಟಗೆ ನಾಲ್ಕೈದು ಸಲ ಮೆಲ್ಲಗೆ ಒತ್ತಿ. ಪ್ರಿಂಟಿನ ಮೇಲೇ ಒತ್ತಿದರೆ ಗುಳುಕ್ಕನೆ ಪೇಂಟು ಸುರಿದು ಕೆಲಸ ಕೆಡುತ್ತದೆ.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಈ ಅನಾಹುತ ಹೆಚ್ಚು. ರಾಯಚೂರಿನಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಕಾರಿನಲ್ಲೋ ಸ್ಕೂಟರಿನ ಡಿಕ್ಕಿಯಲ್ಲೋ ಬಿಟ್ಟ ಪೆನ್ನಿನೊಳಗೆ ಗಾಳಿ ಹಿಗ್ಗಿ ಒತ್ತಡ ಕಟ್ಟಿರುತ್ತದೆ. ಪೆನ್ನನ್ನು ಮೊದಲು ತಂಪಾದ ಕೋಣೆಯಲ್ಲಿ ಅರ್ಧ ಗಂಟೆ ಇಡಿ, ಮೊನೆ ಮೇಲ್ಮುಖ ಮಾಡಿ ಮುಚ್ಚಳ ತೆಗೆಯಿರಿ, ತುಂಡು ಹಾಳೆಯ ಮೇಲೆ ಒಮ್ಮೆ ಒತ್ತಿ ಒತ್ತಡ ಬಿಡಿಸಿ.

ಧೂಳೂ ಲೆಕ್ಕಕ್ಕಿದೆ. ಸಂಡೂರು ಕಡೆಯಿಂದ ಅದಿರಿನ ಲಾರಿ ಓಡಾಡುವ ರಸ್ತೆ ಪಕ್ಕದ ಕೋಣೆಯಲ್ಲಿ ಕಪ್ಪು ಪ್ರಿಂಟ್ ಹರಡಿದರೆ ಹತ್ತು ನಿಮಿಷಕ್ಕೆ ಕೆಂಪು ಪುಡಿ ಕಾಣುತ್ತದೆ. ಅದನ್ನು ಬಟ್ಟೆಯಿಂದ ಒರೆಸಬೇಡಿ. ಅದಿರಿನ ಪುಡಿ ಉಪ್ಪುಕಾಗದದ ಹಾಗೆ ಗೀರು ಎಬ್ಬಿಸುತ್ತದೆ. ಕ್ಯಾಮೆರಾದ ರಬ್ಬರ್ ಬ್ಲೋವರಿನಿಂದ ಊದಿ, ಲ್ಯಾಮಿನೇಷನ್ ಇದ್ದರೆ ಮಾತ್ರ ಆಮೇಲೆ ಮೈಕ್ರೋಫೈಬರ್ ಬಟ್ಟೆ ಆಡಿಸಿ. ಫ್ಯಾನ್ ಬಂದ್ ಮಾಡಿ. ಒಗ್ಗರಣಿ, ಮಿರ್ಚಿ ತಿಂದ ಕೈ ಸೋಪಿನಲ್ಲಿ ತೊಳೆದಿರಬೇಕು. ಬೆರಳಿನ ಎಣ್ಣೆ ತಾಗಿದ ಕಡೆ ಪೇಂಟು ಹಿಡಿಯದೆ ಗೆರೆ ತುಂಡಾಗುತ್ತದೆ. ಅಂಗೈ ಅಡಿಗೆ ಒಂದು ಬಿಳಿ ಹಾಳೆ ಇಟ್ಟುಕೊಂಡರೆ ಬೆವರಿನ ಕಲೆಯೂ ತಪ್ಪುತ್ತದೆ.

ಬರೆಯುವಾಗ ಒತ್ತಬೇಡಿ, ಬಾಲ್‌ಪೆನ್ನಿಗಿಂತ ನಿಧಾನ ಹೋಗಿ. ಗೆರೆ ತೆಳುವಾಯಿತೆಂದು ಹಸಿಯ ಮೇಲೆ ಮತ್ತೆ ತಿದ್ದಿದರೆ ಮೊನೆ ಕೆಳಗಿನ ಪದರವನ್ನು ಕೆರೆದು ನಡುವೆ ಕಪ್ಪು ದಾರಿ ಮಾಡುತ್ತದೆ. ಹತ್ತು ನಿಮಿಷ ಬಿಟ್ಟು ತಿದ್ದಿ. ಕೈಗೆ ಹತ್ತದಷ್ಟು ಒಣಗಲು ಅಷ್ಟೇ ಹೊತ್ತು ಸಾಕು, ಆದರೆ ಒಂದರ ಮೇಲೊಂದು ಪೇರಿಸಲು, ಗಾಜಿನ ಫ್ರೇಮಿಗೆ ಹಾಕಲು ಪೂರ್ತಿ 24 ತಾಸು ಬಿಡಿ. ಬೇಗ ಹಾಕಿದರೆ ಉಳಿದ ಥಿನ್ನರ್ ಆವಿ ಗಾಜಿನ ಒಳಗೆ ಮಬ್ಬು ಕಟ್ಟುತ್ತದೆ. ಪೇರಿಸುವಾಗ ನಡುವೆ ಬಟರ್ ಪೇಪರ್ ಇರಲಿ. ಹತ್ತಾರು ಪ್ರಿಂಟಿಗೆ ಸಹಿ ಹಾಕುವುದಿದ್ದರೆ ಮೊದಲು ಕಟಿಂಗ್ ತುಂಡಿನ ಮೇಲೆ ಬರೆದು ಮರುದಿನ ಸೆಲ್ಲೋಟೇಪ್ ಅಂಟಿಸಿ ಕೀಳಿ. ಟೇಪಿನಲ್ಲಿ ಅಕ್ಷರ ಎದ್ದು ಬಂದರೆ ಪೆನ್ನು ಬದಲಿಸಿ.

ತಪ್ಪಿತೆಂದರೆ ಹೊಳಪು ಲ್ಯಾಮಿನೇಷನ್ ಮೇಲೆ ಮಾತ್ರ ಒಂದು ಅವಕಾಶ ಇದೆ. ಹಸಿ ಇರುವಾಗಲೇ ಒಣ ಹತ್ತಿ ಕಡ್ಡಿಯಿಂದ ಎತ್ತಿ, ಉಳಿದದ್ದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ತೇವ ಮಾಡಿದ ಇನ್ನೊಂದು ಕಡ್ಡಿ. ಹೊರಗಿನಿಂದ ಒಳಕ್ಕೆ ಉರುಳಿಸಿ, ಉಜ್ಜಬೇಡಿ. ಬರಿಯ ಕಾಗದದ ಮೇಲೆ ಈ ಪ್ರಯೋಗ ಮಾಡಿದರೆ ಸಹಿಯ ಜೊತೆ ಚಿತ್ರದ ಕಪ್ಪೂ ಕಡ್ಡಿಗೆ ಬರುತ್ತದೆ. ಅಲ್ಲಿ ತಪ್ಪಿದ ಗೆರೆಯನ್ನು ಸಹಿಯ ಅಡಿಗೆರೆಯಲ್ಲೋ ತಾರೀಕಿನಲ್ಲೋ ಸೇರಿಸಿಕೊಳ್ಳುವುದೊಂದೇ ದಾರಿ.

ಕೆಲಸ ಮುಗಿದ ಮೇಲೆ ಮೊನೆಯನ್ನು ಬಟ್ಟೆಯಿಂದ ಒರೆಸಿ, ಮುಚ್ಚಳ ಟಕ್ ಅನ್ನುವವರೆಗೆ ಒತ್ತಿ, ಪೆನ್ನನ್ನು ಅಡ್ಡ ಮಲಗಿಸಿಡಿ.