ಆಲ್ಪ್ಸ್ ಬೆಟ್ಟದಲ್ಲಿ ಹೊಸ ಮನೆ: ಹಳೇ ಮನೆಗಳಿಂದ ಏನೇನು ತಗೋಬೇಕು

ಆಲ್ಪ್ಸ್ ಮನೆ ಅಂದ ಕೂಡಲೇ ಕೆತ್ತನೆಯ ಮರದ ಬಾಲ್ಕನಿ, ಕೆಂಪು ಜೆರೇನಿಯಂ ಹೂವು ನೆನಪಾಗುತ್ತವೆ, ಅಲ್ವಾ? ಅವನ್ನು ಕೊನೆಗಿಡಿ. ಹಳೇ ಮನೆಗಳಿಂದ ಕಲಿಯಬೇಕಾದ್ದು ಚಳಿ, ಹಿಮ, ಮರ ಇವುಗಳ ಲೆಕ್ಕಾಚಾರ.

ಮೊದಲು ಜಾಗ. ಸ್ವಿಟ್ಜರ್ಲೆಂಡ್‌ನಲ್ಲಾದರೆ ಪ್ಲಾನ್ ಬರೆಸುವ ಮುಂಚೆಯೇ ಆ ಊರಿನ ಅಪಾಯದ ನಕ್ಷೆ ನೋಡಿ. ಹಿಮಕುಸಿತದ ಕೆಂಪು ವಲಯದಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ನೀಲಿಯಲ್ಲಿ ಷರತ್ತುಗಳಿವೆ. ರಜೆಗೆ ಮಾತ್ರ ಬಂದು ಉಳಿಯುವ ಮನೆಯಾದರೆ 2012ರ ಜನಮತದ ನಿಯಮವೂ ಇದೆ: ಅಂಥ ಮನೆಗಳು ಶೇ. 20 ದಾಟಿದ ಊರಲ್ಲಿ ಹೊಸದಕ್ಕೆ ಅನುಮತಿ ಸಿಗುವುದು ಬಹಳ ಕಷ್ಟ.

ಒಳಗಿನ ಪ್ಲಾನನ್ನು ಒಂದು ಬೆಚ್ಚನೆ ಕೋಣೆಯಿಂದ ಶುರು ಮಾಡಿ. ಹಳೇ ಮನೆಗಳಲ್ಲಿ ಅದಕ್ಕೆ ಸ್ಟೂಬೆ ಅಂತಾರೆ. ತಗ್ಗು ಸೂರು, ಗೋಡೆಗೆಲ್ಲ ಪೈನ್ ಹಲಗೆ, ಅಡುಗೆಮನೆಗೂ ಇದಕ್ಕೂ ನಡುವಿನ ಗೋಡೆಯಲ್ಲಿ ದೊಡ್ಡ ಒಲೆ. ಸೌದೆ ಹಾಕುವುದು ಅಡುಗೆಮನೆ ಕಡೆಯಿಂದ, ಹಾಗಾಗಿ ಹೊಗೆ, ಬೂದಿ ಅಲ್ಲೇ ಉಳಿದು ಕಾವು ಮಾತ್ರ ಈಚೆ ಬರುತ್ತದೆ. ನೀವೂ ಕೂರುವ ಕೋಣೆಯನ್ನು ದಕ್ಷಿಣಕ್ಕಿಟ್ಟು, ಮೆಟ್ಟಿಲು, ಬಚ್ಚಲು, ಉಗ್ರಾಣ ಎಲ್ಲ ಉತ್ತರಕ್ಕೆ ತಳ್ಳಿ. ಎರಡು ಮಹಡಿ ಎತ್ತರದ ಹಾಲ್ ಬೇಡವೇ ಬೇಡ, ಬಿಸಿಗಾಳಿ ಎಲ್ಲ ಮೇಲಕ್ಕೇ ಹೋಗಿ ಕೂರುತ್ತದೆ.

ಗೋಡೆಗೆ ಹಳೇ ಕ್ರಮದಲ್ಲೇ ತೊಲೆಗಳನ್ನು ಅಡ್ಡಡ್ಡ ಪೇರಿಸಿ ಮೂಲೆಯಲ್ಲಿ ಕಚ್ಚು ಕೂರಿಸುವುದಾದರೆ ಒಂದು ವಿಷಯ ಮರೀಬೇಡಿ. ಮರ ಒಣಗಿದಾಗ ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಜಾಸ್ತಿ ಕುಗ್ಗುತ್ತದೆ, ಒಂದೊಂದು ತೊಲೆ ಸ್ವಲ್ಪ ಸ್ವಲ್ಪ ಇಳಿದರೂ ಇಡೀ ಗೋಡೆ ಕೆಲವು ಸೆಂಟಿಮೀಟರ್ ಕೆಳಗೆ ಕೂರುತ್ತದೆ. ಅದಕ್ಕೇ ಕಿಟಕಿ, ಬಾಗಿಲ ಚೌಕಟ್ಟಿನ ಮೇಲೆ ಸಂದು ಬಿಟ್ಟು, ಉಣ್ಣೆ ತುಂಬಿ, ಮೇಲೊಂದು ಪಟ್ಟಿ ಹೊಡೆಯುತ್ತಾರೆ. ಬಿಡದಿದ್ದರೆ ಗೋಡೆಯ ಭಾರವೆಲ್ಲ ಚೌಕಟ್ಟಿನ ಮೇಲೆ. ಹೀಗೆ ಕಟ್ಟಿದರೆ ಸಣ್ಣ ಕಿಟಕಿಗಳೇ ಗತಿ ಅಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನ ವಾಲ್ಸ್ ಊರಿನ ಹತ್ತಿರದ ಲೈಸ್‌ನಲ್ಲಿ ಸ್ವಿಸ್ ವಾಸ್ತುಶಿಲ್ಪಿ ಪೀಟರ್ ಜುಮ್ತೋರ್ ಗಟ್ಟಿ ತೊಲೆಗಳಲ್ಲೇ ಕಟ್ಟಿದ ಮನೆಗಳ ಕಿಟಕಿಗಳು ಎಷ್ಟು ದೊಡ್ಡವು ಅಂತ ಫೋಟೋದಲ್ಲಾದರೂ ನೋಡಿ.

ಚಾವಣಿಯ ಇಳಿಜಾರು ಕಡಿಮೆ ಇದ್ದರೆ ಹಿಮ ಮೇಲೇ ನಿಂತು ಕಂಬಳಿ ಹೊದಿಸಿದಂತೆ ಕಾಯುತ್ತದೆ. ಆದರೆ ಬಿದ್ದು ಕೂತ ಹಿಮ ಘನ ಮೀಟರಿಗೆ 200–300 ಕಿಲೋ ತೂಗುತ್ತದೆ, ಹಾಗಾಗಿ ಆ ಎತ್ತರದ ಹಿಮಭಾರವನ್ನು ಎಂಜಿನಿಯರ್ ಹತ್ತಿರವೇ ಲೆಕ್ಕ ಹಾಕಿಸಿ. ಚಾವಣಿಯ ಹೊರಹೊದಿಕೆಯ ಕೆಳಗೆ ಗಾಳಿ ಆಡಲು ಜಾಗ ಬಿಡಿ. ಇಲ್ಲದಿದ್ದರೆ ಮನೆಯ ಕಾವಿಗೆ ಹಿಮ ಕರಗಿ, ಸೂರಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ, ನೀರು ಒಳಗೆ ಸೋರುತ್ತದೆ. ಮುಂಬಾಗಿಲು ಹಿಮ ಜಾರುವ ಕಡೆ ಬೇಡ.

ಹೊರಗೋಡೆಗೆ ಲಾರ್ಚ್ (ಪೈನ್ ಕುಟುಂಬದ ಒಂದು ಮರ) ಹಲಗೆ ಹಾಕಿ ಸುಮ್ನೆ ಬಿಟ್ಟುಬಿಡಿ, ವಾರ್ನಿಷ್ ಬೇಡ. ಬಿಸಿಲು ಬೀಳುವ ಕಡೆ ಕಪ್ಪಗಾಗುತ್ತದೆ, ನೆರಳಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ, ಅದೇ ಚೆಂದ. ತಳಪಾಯ ಮಾತ್ರ ಕಲ್ಲು ಅಥವಾ ಕಾಂಕ್ರೀಟಿನದ್ದಾಗಿ ನೆಲದ ಹಿಮಕ್ಕಿಂತ ಮೇಲೇರಲಿ. ಸೋಲಾರ್ ಫಲಕ ಹಾಕಿಸುವುದಾದರೆ ದಕ್ಷಿಣದ ಗೋಡೆಗೆ ನೇರವಾಗಿ ನಿಲ್ಲಿಸಿ: ಹಿಮ ಕೂರುವುದಿಲ್ಲ, ಚಳಿಗಾಲದ ತಗ್ಗು ಬಿಸಿಲು ಎದುರಿಗೇ ಬೀಳುತ್ತದೆ, ನೆಲದ ಹಿಮದಿಂದ ಪ್ರತಿಫಲಿಸಿದ ಬೆಳಕೂ ಸೇರುತ್ತದೆ.