ನಿಶ್ಚಿತಾರ್ಥಕ್ಕೆ ಹಸಿರು ಹರಳಿನ ಉಂಗುರ

ಮುಂಬೈಯ ಮಾಟುಂಗಾದಲ್ಲಿರುವ ತಂಗಿಯ ಮಗಳಿಗೆ ಹೇಳಿದ್ದನ್ನೇ ಬರೆಯುತ್ತೇನೆ. ಅಲ್ಲಿನ ಒಡವೆ ಪೇಟೆ ಜವೇರಿ ಬಜಾರಿಗೆ ಹಗಲಲ್ಲೇ ಹೋಗಿ. ಅಂಗಡಿಯ ದೀಪದಡಿ ಎಲ್ಲ ಹರಳೂ ಸುಂದರವೇ. ಬಾಗಿಲ ಬಳಿ ತಂದು ಹಗಲ ಬೆಳಕಿನಲ್ಲಿ ನೋಡಿ. ಪಚ್ಚೆಯೊಳಗೆ ಸಣ್ಣ ಬಿರುಕು ಸಹಜ. ಒಂದೂ ಇಲ್ಲದ ದೊಡ್ಡ ಹರಳು ಅಗ್ಗಕ್ಕೆ ಸಿಕ್ಕರೆ ನಾನಂತೂ ಅನುಮಾನಿಸುತ್ತೇನೆ. ಹೆಚ್ಚಿನ ಪಚ್ಚೆಗಳ ಬಿರುಕಿಗೆ ಎಣ್ಣೆ ತುಂಬಿರುತ್ತಾರೆ. ಎಷ್ಟೆಂಬುದನ್ನು ಪ್ರಯೋಗಾಲಯದ ಪ್ರಮಾಣಪತ್ರದಲ್ಲಿ ಓದಿ, ಅಂಗಡಿಯವನ ಬಾಯಿಮಾತು ಸಾಲದು. ಕಂಪನದಿಂದ ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಸಲೇಬೇಡಿ.

ದಿನವೂ ಪಾತ್ರೆ ತೊಳೆದು, ಲೋಕಲ್ ರೈಲಿನ ಕಂಬಿ ಹಿಡಿಯುವ ಕೈಗೆ ಹಸಿರು ಸಫೈರ್ ವಾಸಿ: 10ರವರೆಗಿನ ಮೋಸ್ (Mohs) ಮಾಪಕದಲ್ಲಿ ಅದರ ಗಡಸುತನ 9, ಪಚ್ಚೆಯದು 7.5ರಿಂದ 8. ಪೆರಿಡಾಟ್ ಎಂಬ ಹಸಿರು ಹರಳು ಇನ್ನೂ ಮೆದು, ಕಿವಿಯೋಲೆಗಿರಲಿ. ಪಚ್ಚೆಯೇ ಬೇಕೆಂಬ ಹಟವಿದ್ದರೆ (ಅವಳಿಗಿತ್ತು), ಹರಳಿನ ಅಂಚನ್ನು ಸುತ್ತಲೂ ಚಿನ್ನ ಹಿಡಿಯುವಂತೆ ಕಟ್ಟಿಸಿ.