ಮೀನಿಲ್ಲದ ಎಣ್ಣೆ, ಮೀನಿನ ವಾಸನೆ

ಗೋವಾದ ರಿಬಂದರ್‌ನಿಂದ ಫೆರಿ ಹತ್ತಿ ಚೋರಾಂವ್ ದ್ವೀಪಕ್ಕೆ ಹೋದೆವು. ಅರಣ್ಯ ಇಲಾಖೆಯ ಅನುಮತಿ ಪತ್ರ ಜೇಬಿನಲ್ಲಿತ್ತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಅರ್ಧ ಕೊಳೆತ ಎಲೆ ಆರಿಸುವುದು ನಮ್ಮ ಕೆಲಸ. ಜೊತೆಗಿದ್ದ ಹುಬ್ಬಳ್ಳಿ ಹುಡುಗ ಮೊಣಕಾಲವರೆಗೆ ಕೆಸರಲ್ಲಿ ಹೂತುಕೊಂಡು, "ಸರ, ಈ ಕಸಾ ಯಾಕ್ರಿ ನಮಗ?" ಎಂದ.

ಆ ಕಸದ ಮೇಲೆ ಥ್ರಾಸ್ಟೋಕೈಟ್ರಿಡ್ ಎಂಬ ಸೂಕ್ಷ್ಮಜೀವಿ ಇರುತ್ತದೆ. ಮೀನೆಣ್ಣೆಯಲ್ಲಿರುವ ಡಿಎಚ್ಎ ಎಂಬ ಒಮೆಗಾ-3 ಕೊಬ್ಬು ಇದರ ಹೊಟ್ಟೆಯಲ್ಲೇ ತಯಾರಾಗುತ್ತದೆ. ಬಂಗಡೆ, ತಾರ್ಲೆ ಮೀನುಗಳೂ ಅದನ್ನು ಹೆಚ್ಚಾಗಿ ಇಂಥ ಸಣ್ಣ ಜೀವಿಗಳ ಕಡೆಯಿಂದ, ಊಟದ ಮೂಲಕವೇ ಪಡೆಯುತ್ತವೆ. ಧಾರವಾಡದ ನಮ್ಮ ಮನೆಗೆ ಮೀನು ಬರುವುದಿಲ್ಲ. ಅವ್ವನ ಅಗಸಿ ಹಿಂಡಿಯಲ್ಲಿ ಒಮೆಗಾ-3 ಇದೆ ನಿಜ, ಆದರೆ ಅದು ಬೇರೆ ಬಗೆಯದು. ನಮ್ಮ ದೇಹ ಅದರಲ್ಲಿ ತೀರಾ ಸ್ವಲ್ಪವನ್ನಷ್ಟೇ ಡಿಎಚ್ಎ ಮಾಡಿಕೊಳ್ಳುತ್ತದೆ.

ಈ ಸೂಕ್ಷ್ಮಜೀವಿಯನ್ನು ಹಿಡಿಯುವ ಉಪಾಯ ಚೆನ್ನಾಗಿದೆ. ಎಲೆ ಚೂರುಗಳನ್ನು ಶುದ್ಧ ಮಾಡಿದ ಸಮುದ್ರದ ನೀರಿಗೆ ಹಾಕಿ, ಬ್ಯಾಕ್ಟೀರಿಯಾ ತಡೆಯಲು ಆಂಟಿಬಯಾಟಿಕ್ ಬೆರೆಸಿ, ಮೇಲೆ ಪೈನ್ ಮರದ ಪರಾಗ ಉದುರಿಸಬೇಕು. ಗಾಳಕ್ಕೆ ಎರೆಹುಳ ಸಿಕ್ಕಿಸಿದ ಹಾಗೆ! ಕೆಲವು ದಿನ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಎರಡು ದೊಡ್ಡ ಕಿವಿಯಂಥ ಗಾಳಿಚೀಲ ಇರುವ ಪರಾಗದ ಕಾಳಿಗೆ ದುಂಡನೆಯ ಮಣಿಗಳು ಅಂಟಿಕೊಂಡಿರುತ್ತವೆ.

ಮೊದಲ ಸಲ ನಾನು ಅತಿಥಿ ಸತ್ಕಾರ ಮಾಡಿದೆ. ಗ್ಲೂಕೋಸ್ ಜೊತೆ ಲೀಟರಿಗೆ 10 ಗ್ರಾಂ ಈಸ್ಟ್ ಎಕ್ಸ್‌ಟ್ರಾಕ್ಟ್ ಹಾಕಿದೆ. ಫ್ಲಾಸ್ಕ್ ಮಜ್ಜಿಗೆಯಂತೆ ಗಟ್ಟಿಯಾಯಿತು, ಕೊಬ್ಬು ಮಾತ್ರ ಏನೂ ಇಲ್ಲ. ಈಸ್ಟ್ ಎಕ್ಸ್‌ಟ್ರಾಕ್ಟ್ ಕೊಡುವ ನೈಟ್ರೋಜನ್ ಇರುವ ತನಕ ಇವು ಸುಮ್ನೆ ಮರಿ ಹಾಕುತ್ತಲೇ ಇರುತ್ತವೆ. ಅದು ಮುಗಿದು ಸಕ್ಕರೆ ಉಳಿದಾಗಲೇ ಎಣ್ಣೆ ಕೂಡಿಡುವುದು. ಈಸ್ಟ್ ಎಕ್ಸ್‌ಟ್ರಾಕ್ಟ್ 2 ಗ್ರಾಂಗೆ ಇಳಿಸಿದೆ. ನಾಲ್ಕನೇ ದಿನ ಕೊಬ್ಬನ್ನು ತೋರಿಸುವ ನೈಲ್ ರೆಡ್ ಬಣ್ಣ ಹಾಕಿ ನೋಡಿದರೆ ಒಂದೊಂದು ಕೋಶದಲ್ಲೂ ಹಳದಿ ಹನಿಗಳು ಹೊಳೆಯುತ್ತಿದ್ದವು.

ಇಷ್ಟಾದ ಮೇಲೆ ಕೆಡಿಸಿದ್ದೂ ನಾನೇ. ಶುಕ್ರವಾರ ಊರಿನ ಬಸ್ ಹಿಡಿಯುವ ಅವಸರ. ಕೋಶಗಳನ್ನು ಬಿಸಿ ಓವನ್‌ನಲ್ಲಿ ಒಣಗಿಸಿ, ತೆಗೆದ ಎಣ್ಣೆಯನ್ನು ಬಿಳಿ ಗಾಜಿನ ಬಾಟಲಿಯಲ್ಲಿ ಕಿಟಕಿ ಪಕ್ಕ ಇಟ್ಟು ಹೋದೆ. ಸೋಮವಾರ ಮುಚ್ಚಳ ತೆಗೆದರೆ ಮೀನು ಮಾರ್ಕೆಟ್! ಡಿಎಚ್ಎಯಲ್ಲಿ ಆರು ಕಡೆ ಜೋಡಿ ಬಂಧ ಇದೆ. ಗಾಳಿ, ಬೆಳಕು, ಬಿಸಿ ತಾಗಿದರೆ ಬೇಗ ಹಳಸುತ್ತದೆ. ಮೀನೇ ಇಲ್ಲದ ಎಣ್ಣೆಗೂ ಮೀನಿನ ವಾಸನೆ ಬರುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ, ಮೂಗಿಗೆ ಗೊತ್ತಿರಲಿಲ್ಲ, ಅಷ್ಟೇ.

ಈಗ ಕೋಶಗಳನ್ನು ತಣ್ಣಗೆ, ನಿರ್ವಾತದಲ್ಲಿ ಒಣಗಿಸುತ್ತೇವೆ. ಅದೇ ದಿನ ಎಣ್ಣೆ ತೆಗೆದು, ವಿಟಮಿನ್ ಇ ಬೆರೆಸಿ, ಕಂದು ಬಾಟಲಿಗೆ ಗಾಳಿಯ ಬದಲು ನೈಟ್ರೋಜನ್ ಅನಿಲ ತುಂಬಿ ಮೈನಸ್ 20 ಡಿಗ್ರಿಯಲ್ಲಿ ಇಡುತ್ತೇವೆ. ಇನ್ನೊಂದು ಮಾತು: ಇವನ್ನು ಬೆಳೆಸುವ ದೊಡ್ಡ ಸ್ಟೀಲ್ ತೊಟ್ಟಿಗೆ (ಫರ್ಮೆಂಟರ್) ಸಮುದ್ರದ ನೀರು ಹಾಕಬೇಡಿ, ಅದರ ಉಪ್ಪಿನಲ್ಲಿರುವ ಕ್ಲೋರೈಡ್ ಸ್ಟೀಲನ್ನು ತಿನ್ನುತ್ತದೆ. ಬದಲಿಗೆ ಸೋಡಿಯಂ ಸಲ್ಫೇಟ್ ನಡೆಯುತ್ತದೆ.

ಅವ್ವ ಫೋನಿನಲ್ಲಿ, "ಒಂದ್ ಬಾಟ್ಲಿ ನನಗೂ ತಗೊಂಡ್ ಬಾರಪ್ಪಾ" ಎಂದಳು. ಕ್ಲೋರೋಫಾರ್ಮ್‌ನಲ್ಲಿ ತೆಗೆದ ಎಣ್ಣೆ ಪರೀಕ್ಷೆಗೆ ಮಾತ್ರ, ಬಾಯಿಗಲ್ಲ ಎಂದೆ. "ಹಂಗಾದ್ರ ಗೋಡಂಬಿನರ ತಾ" ಎಂದಳು.